ಬೆಂಕಿಯ ಅಂಚು, ನಗರದ ಅಂಚು

2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3ರ ವಿಕ್ರಮ್ ಲ್ಯಾಂಡರ್ ಚಂದ್ರನ ನೆಲ ಮುಟ್ಟಿತು. ಕೊನೆಯ ಕ್ಷಣಗಳಲ್ಲಿ ಅದರ ಎಂಜಿನ್‌ಗಳು ಕೆಳಕ್ಕೆ ಉಗುಳಿದ ಬಿಸಿ ಅನಿಲ ಅಲ್ಲಿನ ಹುಡಿಮಣ್ಣನ್ನು ಸುತ್ತಲೂ ಚೆದುರಿಸಿತು. ಪಕ್ಕದಲ್ಲಿ ನಿಂತು ಅದನ್ನು ನೋಡಿದವರು ಯಾರೂ ಇಲ್ಲ. ಆದರೂ ಎಷ್ಟು ಮಣ್ಣು ಹಾರಿತು ಎಂಬುದಕ್ಕೆ ಇಂದು ಒಂದು ಅಂದಾಜು ಇದೆ: 108.4 ಚದರ ಮೀಟರ್ ವಿಸ್ತಾರದಲ್ಲಿ ಸುಮಾರು 2.06 ಟನ್. ಈ ಲೆಕ್ಕ ಹುಟ್ಟಿದ್ದು ಎರಡು ಚಿತ್ರಗಳ ಹೋಲಿಕೆಯಿಂದ. ಚಂದ್ರಯಾನ-2ರ ಕಕ್ಷೆಗಾಮಿಯಲ್ಲಿರುವ ಸೂಕ್ಷ್ಮ ಕ್ಯಾಮೆರಾ ವಿಕ್ರಮ್ ಇಳಿಯುವ ಮೊದಲು ಆ ಜಾಗದ ಚಿತ್ರ ತೆಗೆದಿತ್ತು, ಇಳಿದ ಮೇಲೂ ತೆಗೆಯಿತು. ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರದ ವಿಜ್ಞಾನಿಗಳು ಅವೆರಡನ್ನೂ ಹೋಲಿಸಿದಾಗ ಲ್ಯಾಂಡರಿನ ಸುತ್ತ ಒಂದು ತಿಳಿಬಣ್ಣದ ವಲಯ ಕಂಡಿತು. ಜ್ವಾಲೆ ಕ್ಷಣಮಾತ್ರದಲ್ಲಿ ಮರೆಯಾಗಿತ್ತು, ಅದು ಬಿಟ್ಟುಹೋದ ಗುರುತು ಉಳಿದಿತ್ತು.

ಹಳೆಯ ಚಿತ್ರ, ಹೊಸ ಚಿತ್ರ, ನಡುವಿನ ವ್ಯತ್ಯಾಸ. ಭೂಮಿಯ ಮೇಲಿನ ನಗರಗಳು ಎಷ್ಟು ಬೆಳೆದವು ಎಂದು ಅಳೆಯುವುದೂ ಇದೇ ವಿಧಾನದಿಂದ. ರಾಕೆಟ್ಟಿನ ಜ್ವಾಲೆಯನ್ನು ಕಂಪ್ಯೂಟರಿನಲ್ಲಿ ಮರುಸೃಷ್ಟಿಸುವವರೂ ನಗರದ ನಕ್ಷೆ ತಯಾರಿಸುವವರೂ ಒಂದೇ ಕೊಠಡಿಯಲ್ಲಿ ಕೂರುವುದು ಅಪರೂಪ. ಆದರೆ ಇಬ್ಬರ ಕೆಲಸದ ಒಳಗುಟ್ಟು ಒಂದೇ. ಇಬ್ಬರೂ ತಮ್ಮ ವಸ್ತುವನ್ನು ಸಣ್ಣ ಸಣ್ಣ ಚೌಕಗಳಾಗಿ ಕತ್ತರಿಸುತ್ತಾರೆ. ಎಲ್ಲಿಗೆ ಜ್ವಾಲೆ ಮುಗಿಯಿತು, ಎಲ್ಲಿಗೆ ನಗರ ಮುಗಿಯಿತು ಎಂದು ಇಬ್ಬರೂ ಗೆರೆ ಎಳೆಯಬೇಕಾಗುತ್ತದೆ. ಪ್ರಕೃತಿಯಲ್ಲಿ ಅಂಥ ಗೆರೆ ಇಲ್ಲ.

ಒಂದು ದೊಡ್ಡ ವ್ಯತ್ಯಾಸವೂ ಇದೆ. ಜ್ವಾಲೆಯ ಲೆಕ್ಕ ತಪ್ಪಿದರೆ ಬೆಂಕಿಯೇ ಅದೇ ದಿನ ಉತ್ತರ ಹೇಳುತ್ತದೆ. ನಗರದ ಲೆಕ್ಕ ತಪ್ಪಿದರೆ ಯಾರೂ ಉತ್ತರ ಹೇಳುವುದಿಲ್ಲ. ಅದು ಯೋಜನೆಗಳ ಕಡತಗಳಲ್ಲಿ ವರ್ಷಗಟ್ಟಲೆ ಸುಮ್ಮನೆ ಕುಳಿತಿರುತ್ತದೆ. ಕೊಳವೆ ಎಲ್ಲಿಯವರೆಗೆ ಹೋಗಬೇಕು, ಯಾವ ಹೊಲ ಉಳಿಯಬೇಕು ಎಂಬುದು ಆ ಲೆಕ್ಕದ ಮೇಲೆಯೇ ತೀರ್ಮಾನವಾಗುತ್ತದೆ. ನನ್ನನ್ನು ಕಾಡುವುದು ಈ ಮೌನ.

ಮೊದಲು ಬೆಂಕಿಯನ್ನು ನೋಡೋಣ

ರಾಕೆಟ್ ಎಂಜಿನ್ನಿನ ದಹನಕೋಶದಲ್ಲಿ ಉಷ್ಣತೆ 3,000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಅಮೆರಿಕದ ಸ್ಪೇಸ್ ಶಟಲ್‌ನ ಮುಖ್ಯ ಎಂಜಿನ್ನಿನಲ್ಲಿ ಒತ್ತಡ ವಾಯುಮಂಡಲದ ಒತ್ತಡದ ಸುಮಾರು 200 ಪಟ್ಟು ಇರುತ್ತಿತ್ತು. ಆ ಅನಿಲ ಮೊದಲು ಕಿರಿದಾಗಿ ಆಮೇಲೆ ಅಗಲವಾಗುವ ನಾಜಲ್ ಮೂಲಕ ಹೊರಬೀಳುತ್ತದೆ. 19ನೇ ಶತಮಾನದ ಕೊನೆಯಲ್ಲಿ ಸ್ವೀಡನ್ನಿನ ಎಂಜಿನಿಯರ್ ಗುಸ್ತಾಫ್ ದೆ ಲಾವಾಲ್ ಉಗಿಯ ಟರ್ಬೈನ್‌ಗಾಗಿ ಬಳಸಿದ ಆಕಾರವಿದು. ಕತ್ತಿನ ಬಳಿ ಅನಿಲ ಶಬ್ದದ ವೇಗ ಮುಟ್ಟುತ್ತದೆ. ಅಲ್ಲಿಂದ ಮುಂದೆ ದಾರಿ ಅಗಲವಾದಷ್ಟೂ ಅದರ ವೇಗ ಹೆಚ್ಚುತ್ತದೆ. ಹೊಳೆಯ ನೀರಿನ ವಿಷಯದಲ್ಲಿ ನಾವು ಕಂಡದ್ದಕ್ಕೆ ಇದು ತೀರಾ ವಿರುದ್ಧ. ಜಲಜನಕ ಮತ್ತು ಆಮ್ಲಜನಕ ಉರಿಸುವ ಎಂಜಿನ್ನಿನಿಂದ ಹೊರಬೀಳುವ ಅನಿಲ ಸೆಕೆಂಡಿಗೆ ನಾಲ್ಕು ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿರುತ್ತದೆ.

ಹೊರಬಿದ್ದ ಮೇಲೆ ಏನಾಗುತ್ತದೆ ಎಂಬುದೇ ಪ್ಲೂಮ್, ಎಂದರೆ ಎಂಜಿನ್ನಿನ ಹಿಂದೆ ಚಾಚುವ ಜ್ವಾಲೆಯ, ಅಧ್ಯಯನ. ನೆಲದ ಹತ್ತಿರ ಸುತ್ತಲಿನ ಗಾಳಿಯ ಒತ್ತಡ ಹೆಚ್ಚು, ಅದು ಜ್ವಾಲೆಯನ್ನು ಹಿಂಡುತ್ತದೆ. ಹಿಂಡಿದಾಗ ಒಳಗೆ ಆಘಾತ ಅಲೆಗಳು ಹುಟ್ಟಿ, ಜ್ವಾಲೆಯ ಅಂಚಿಗೆ ಬಡಿದು, ಹಿಂದಿರುಗಿ ಒಂದನ್ನೊಂದು ದಾಟುತ್ತವೆ. ಅವು ಕೂಡುವಲ್ಲೆಲ್ಲ ಅನಿಲ ಮತ್ತೆ ಕಾದು ಹೊಳೆಯುತ್ತದೆ. ಉಡಾವಣೆಯ ಚಿತ್ರಗಳಲ್ಲಿ ಜ್ವಾಲೆಯ ನಡುವೆ ಸಾಲಾಗಿ ಪೋಣಿಸಿದಂತೆ ಕಾಣುವ ವಜ್ರಾಕಾರಗಳು ಇವೇ. ಉರಿ ಅಲ್ಲಿಗೂ ನಿಲ್ಲುವುದಿಲ್ಲ. ಎಂಜಿನ್ನಿಗೆ ಬೇಕೆಂದೇ ತುಸು ಹೆಚ್ಚು ಇಂಧನ ಉಣಿಸಿರುತ್ತಾರೆ, ಏಕೆಂದರೆ ಹಗುರವಾದ ಅಣುಗಳು ಹೆಚ್ಚು ವೇಗ ಕೊಡುತ್ತವೆ. ಉಳಿದ ಆ ಇಂಧನ ಹೊರಗಿನ ಗಾಳಿಯ ಆಮ್ಲಜನಕ ಸಿಕ್ಕಿದೊಡನೆ ಮತ್ತೊಮ್ಮೆ ಹೊತ್ತಿಕೊಳ್ಳುತ್ತದೆ. ಹಾಗಾಗಿ ಮಾದರಿಯಲ್ಲಿ ಹರಿವಿನ ಸಮೀಕರಣಗಳ ಜೊತೆಗೆ ರಸಾಯನವೂ ವಿಕಿರಣವೂ ಸೇರಬೇಕು. ಘನ ಇಂಧನವಾದರೆ ಅಲ್ಯೂಮಿನಿಯಂ ಆಕ್ಸೈಡಿನ ಕಣಗಳೂ ಸೇರಬೇಕು.

ರಾಕೆಟ್ ಮೇಲೇರಿದಂತೆ ಹಿಂಡುವ ಗಾಳಿ ತೆಳುವಾಗುತ್ತದೆ, ಜ್ವಾಲೆ ಅರಳುತ್ತದೆ. ಅಪೊಲೊ ನೌಕೆಗಳನ್ನು ಹೊತ್ತ ಸ್ಯಾಟರ್ನ್-5 ರಾಕೆಟ್ ಏರುವಾಗಿನ ಚಲನಚಿತ್ರಗಳಲ್ಲಿ ಜ್ವಾಲೆ ಕೆಳಗಷ್ಟೇ ಇರದೆ ರಾಕೆಟ್ಟಿನ ಮೈಗುಂಟ ಮೇಲಕ್ಕೆ ಹತ್ತುವುದನ್ನು ಕಾಣಬಹುದು. ವಿಶಾಲವಾಗಿ ಅರಳಿದ ಜ್ವಾಲೆ, ಎದುರಿನಿಂದ ಮೈಗೆ ಅಂಟಿ ಬರುತ್ತಿದ್ದ ಗಾಳಿಯ ಹರಿವಿಗೆ ಅಡ್ಡವಾಗಿ ನಿಂತು ಅದನ್ನು ಮೈಯಿಂದ ಬೇರ್ಪಡಿಸುತ್ತದೆ. ಆ ಬಿಡುವಿನೊಳಗೆ ಬಿಸಿ ಅನಿಲ ಹಿಂದಕ್ಕೆ ನುಗ್ಗುತ್ತದೆ. ಹಲವು ಎಂಜಿನ್‌ಗಳಿರುವ ರಾಕೆಟ್ಟಿನ ತಳಕ್ಕೆ ಎಷ್ಟು ದಪ್ಪದ ಶಾಖರಕ್ಷೆ ಬೇಕು ಎಂಬುದು ಈ ಹಿಮ್ಮುಖ ಹರಿವಿನ ಲೆಕ್ಕದ ಮೇಲೆ ನಿಂತಿದೆ.

ಇನ್ನೂ ಮೇಲೆ ಹೋದರೆ ಲೆಕ್ಕದ ಬುನಾದಿಯೇ ಕದಲುತ್ತದೆ. ಸಮುದ್ರಮಟ್ಟದಲ್ಲಿ ಗಾಳಿಯ ಒಂದು ಅಣು ಇನ್ನೊಂದಕ್ಕೆ ಡಿಕ್ಕಿ ಹೊಡೆಯುವ ಮೊದಲು ಸಾಗುವ ದೂರ ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಭಾಗಕ್ಕಿಂತ ಕಡಿಮೆ. ಅಲ್ಲಿ ಅನಿಲವನ್ನು ಎಡೆಬಿಡದ ದ್ರವದಂತೆ ಭಾವಿಸಿ, ಹರಿವನ್ನು ವಿವರಿಸುವ ನೇವಿಯರ್-ಸ್ಟೋಕ್ಸ್ ಸಮೀಕರಣಗಳನ್ನು ಬಿಡಿಸಬಹುದು. ನೂರು ಕಿಲೋಮೀಟರ್ ಎತ್ತರದಲ್ಲಿ ಅದೇ ದೂರ ಹತ್ತು ಸೆಂಟಿಮೀಟರ್ ದಾಟುತ್ತದೆ. ಅಲ್ಲಿ ಅನಿಲವೆಂದರೆ ಒಂಟಿಯಾಗಿ ಹಾರುವ ಅಣುಗಳ ಗುಂಪು. ಅದಕ್ಕಾಗಿ 1960ರ ದಶಕದಲ್ಲಿ ಆಸ್ಟ್ರೇಲಿಯಾದ ಗ್ರೇಮ್ ಬರ್ಡ್ ಬೇರೆಯದೇ ದಾರಿ ಹುಡುಕಿದರು. ಸಮೀಕರಣ ಬಿಡಿಸುವ ಬದಲು ಕಂಪ್ಯೂಟರಿನಲ್ಲಿ ಲಕ್ಷಾಂತರ ಕಣಗಳನ್ನು ಹಾರಲು ಬಿಟ್ಟು, ಅವುಗಳ ಡಿಕ್ಕಿಗಳನ್ನು ದಾಳ ಹಾಕಿದಂತೆ ಸಂಭವನೀಯತೆಯಿಂದ ನಿರ್ಧರಿಸುವುದು. ಒಂದೊಂದು ಕಣವೂ ಅಸಂಖ್ಯ ನಿಜವಾದ ಅಣುಗಳ ಪ್ರತಿನಿಧಿ.

ಚಂದ್ರನ ಮೇಲೆ ಇಳಿಯುವ ನೌಕೆಯ ಜ್ವಾಲೆಯಲ್ಲಿ ಈ ಎರಡು ಲೋಕಗಳೂ ಒಟ್ಟಿಗಿವೆ. ನಾಜಲ್ ಬಾಯಲ್ಲಿ ದಟ್ಟ ಅನಿಲ, ಕೆಲವೇ ಮೀಟರ್ ಆಚೆ ಬಹುತೇಕ ಶೂನ್ಯ. ಒಳಗೆ ಒಂದು ವಿಧಾನ, ಹೊರಗೆ ಇನ್ನೊಂದು, ನಡುವೆ ಹೊಲಿಗೆ. ಆ ಹೊಲಿಗೆ ಎಲ್ಲಿ ಬೀಳಬೇಕು ಎಂದು ತೀರ್ಮಾನಿಸುವವರು ಲೆಕ್ಕ ಮಾಡುವವರು. ಅಣುಗಳ ಸಾಂದ್ರತೆ ಎಷ್ಟು ಬೇಗ ಕುಸಿಯುತ್ತಿದೆ ಎಂಬುದಕ್ಕೆ ಒಂದು ಮಿತಿ ಇಟ್ಟುಕೊಳ್ಳುತ್ತಾರೆ, ಅದು ದಾಟಿದಲ್ಲಿ ವಿಧಾನ ಬದಲಿಸುತ್ತಾರೆ. ಮಿತಿಯನ್ನು ಸ್ವಲ್ಪ ಆಚೀಚೆ ಮಾಡಿ ಉತ್ತರ ಬದಲಾಗುತ್ತದೆಯೇ ಎಂದು ನೋಡುವುದು ಈ ವೃತ್ತಿಯಲ್ಲಿ ರೂಢಿ. ಚೌಕಗಳನ್ನು ಅರ್ಧಕ್ಕರ್ಧ ಚಿಕ್ಕದಾಗಿಸಿ ಮತ್ತೆ ಲೆಕ್ಕ ಹಾಕುವುದೂ ರೂಢಿ. ಉತ್ತರ ಅಲುಗಾಡಿದರೆ ಅದನ್ನು ಉತ್ತರವೆಂದು ಒಪ್ಪುವುದಿಲ್ಲ.

ಬೆಂಕಿ ಕೊಟ್ಟ ಉತ್ತರಗಳು

ಈ ರೂಢಿ ಸುಮ್ಮನೆ ಬರಲಿಲ್ಲ. 1981ರ ಏಪ್ರಿಲ್ 12ರಂದು ಸ್ಪೇಸ್ ಶಟಲ್ ಮೊದಲ ಬಾರಿ ಹಾರಿತು. ಘನ ಇಂಧನದ ಬೂಸ್ಟರ್‌ಗಳು ಹೊತ್ತಿಕೊಂಡ ಕ್ಷಣದಲ್ಲಿ ಎದ್ದ ಒತ್ತಡದ ಅಲೆ ಮುಂಚಿತ ಅಂದಾಜನ್ನು ಬಹಳ ಮೀರಿತ್ತು. ಅದು ವೇದಿಕೆಗೆ ಬಡಿದು ಮೇಲಕ್ಕೆ ಚಿಮ್ಮಿ ನೌಕೆಯನ್ನೇ ಅಲುಗಿಸಿತು. ಮುಂದಿನ ಹಾರಾಟಕ್ಕೆ ಮೊದಲು ಎಂಜಿನಿಯರುಗಳು ಬೂಸ್ಟರ್‌ಗಳ ಜ್ವಾಲೆ ಇಳಿಯುವ ದ್ವಾರಗಳಲ್ಲೇ ನೀರು ಚಿಮ್ಮಿಸುವ, ನೀರು ತುಂಬಿದ ತೊಟ್ಟಿಗಳನ್ನು ಅಡ್ಡಲಾಗಿ ತೂಗುವ ವ್ಯವಸ್ಥೆ ಮಾಡಿದರು. ಶಟಲ್ ವೇದಿಕೆಯಲ್ಲಿ ಒಂದು ಉಡಾವಣೆಗೆ ಸುಮಾರು 11 ಲಕ್ಷ ಲೀಟರ್ ನೀರು ಒಂದು ನಿಮಿಷಕ್ಕೂ ಕಡಿಮೆ ಅವಧಿಯಲ್ಲಿ ಸುರಿಯುತ್ತಿತ್ತು.

2023ರ ಏಪ್ರಿಲ್ 20ರಂದು ಟೆಕ್ಸಾಸ್‌ನ ಬೋಕಾ ಚಿಕಾದಿಂದ ಸ್ಪೇಸ್‌ಎಕ್ಸ್ ಕಂಪನಿಯ ಸ್ಟಾರ್‌ಶಿಪ್ ನೌಕೆ ತನ್ನ ಬೃಹತ್ ಬೂಸ್ಟರ್ ಜೊತೆ ಮೊದಲ ಬಾರಿ ಮೇಲೆದ್ದಾಗ ವೇದಿಕೆಯಡಿ ಅಂಥ ನೀರಿನ ವ್ಯವಸ್ಥೆ ಇರಲಿಲ್ಲ. ಜ್ವಾಲೆಯನ್ನು ಪಕ್ಕಕ್ಕೆ ತಿರುಗಿಸುವ ಕಾಲುವೆಯೂ ಇರಲಿಲ್ಲ. ಕಾಂಕ್ರೀಟ್ ಒಂದು ಉಡಾವಣೆಯ ಮಟ್ಟಿಗೆ ತಾಳುತ್ತದೆ ಎಂಬುದು ಅಂದಾಜಾಗಿತ್ತು. ಕಾಂಕ್ರೀಟ್ ತಾಳಲಿಲ್ಲ. ನೆಲದಲ್ಲಿ ದೊಡ್ಡ ಹೊಂಡ ಬಿತ್ತು, ತುಂಡುಗಳು ನೂರಾರು ಮೀಟರ್ ದೂರಕ್ಕೆ ಸಿಡಿದವು, ಮೇಲೆದ್ದ ಧೂಳು ಸುಮಾರು 10 ಕಿಲೋಮೀಟರ್ ದೂರದ ಪೋರ್ಟ್ ಇಸಬೆಲ್ ಪಟ್ಟಣದ ಮೇಲೆ ಉದುರಿತು. ಅದೇ ವರ್ಷದ ನವೆಂಬರಿನ ಎರಡನೇ ಹಾರಾಟದ ಹೊತ್ತಿಗೆ ಕೆಳಗಿನಿಂದ ನೀರು ಚಿಮ್ಮಿಸುವ ಉಕ್ಕಿನ ಫಲಕ ಬಂದಿತ್ತು.

ಚಂದ್ರನ ಮೇಲೆ ಸಿಕ್ಕ ಉತ್ತರ ಇನ್ನೂ ಸೂಕ್ಷ್ಮವಾದದ್ದು. 1969ರ ನವೆಂಬರಿನಲ್ಲಿ ಅಪೊಲೊ-12 ಇಳಿದದ್ದು, ಎರಡೂವರೆ ವರ್ಷ ಮೊದಲೇ ಅಲ್ಲಿಗೆ ತಲುಪಿದ್ದ ಸರ್ವೇಯರ್-3 ಎಂಬ ಮಾನವರಹಿತ ನೌಕೆಯಿಂದ ಸುಮಾರು 160 ಮೀಟರ್ ದೂರದಲ್ಲಿ. ಇಳಿಯುವಾಗ ಎದ್ದ ಧೂಳಿನಿಂದ ನೌಕೆಯ ನಾಯಕ ಪೀಟ್ ಕಾನ್ರಾಡ್ ಅವರಿಗೆ ನೆಲವೇ ಕಾಣದಾಯಿತು. ಗಗನಯಾತ್ರಿಗಳು ಸರ್ವೇಯರ್ ಬಳಿಗೆ ನಡೆದುಹೋಗಿ ಅದರ ಕ್ಯಾಮೆರಾವನ್ನು ಕತ್ತರಿಸಿ ಭೂಮಿಗೆ ತಂದರು. ಪ್ರಯೋಗಾಲಯದಲ್ಲಿ ನೋಡಿದಾಗ ಅಪೊಲೊ ಕಡೆಗಿದ್ದ ಮಗ್ಗುಲು ಮರಳು ಎರಚಿ ಉಜ್ಜಿದಂತೆ ಬಿಳಿಚಿತ್ತು. ಭಾಗಗಳು ಒಂದಕ್ಕೊಂದು ಅಡ್ಡವಾಗಿದ್ದಲ್ಲಿ ಮಾತ್ರ ಹಳೆಯ ಬಣ್ಣ ನೆರಳಿನಂತೆ ಉಳಿದಿತ್ತು. ಆ ನೆರಳುಗಳ ಗೆರೆಗಳನ್ನು ಹಿಂದಕ್ಕೆ ಎಳೆದಾಗ ಅವು ಅಪೊಲೊ ಇಳಿದ ತಾಣವನ್ನೇ ತೋರಿದವು. ಗಾಳಿಯಿಲ್ಲದ ಕಡೆ ಹಾರಿದ ಕಣವನ್ನು ತಡೆಯುವುದು ಏನೂ ಇಲ್ಲ. ಅದು ಎಸೆದ ಕಲ್ಲಿನಂತೆ ತನ್ನ ದಾರಿಯಲ್ಲಿ ಸಾಗುತ್ತಲೇ ಇರುತ್ತದೆ. ಅಪೊಲೊ ಚಿತ್ರಗಳಲ್ಲಿನ ನೆರಳುಗಳಿಂದ ಆ ಧೂಳಿನ ಹಾಳೆ ನೆಲದಿಂದ ಕೇವಲ 1ರಿಂದ 3 ಡಿಗ್ರಿ ಕೋನದಲ್ಲಿ ಹಾರಿತೆಂದು ಲೆಕ್ಕ ಹಾಕಲಾಯಿತು. ಅಪೊಲೊ ತಾಣಗಳಂಥ ಚಾರಿತ್ರಿಕ ಜಾಗಗಳಿಂದ ಎರಡು ಕಿಲೋಮೀಟರ್ ಒಳಗೆ ಯಾರೂ ಇಳಿಯಬಾರದೆಂದು ನಾಸಾ 2011ರಲ್ಲಿ ಮಾಡಿದ ಶಿಫಾರಸಿನ ಹಿಂದೆ ಇಂಥ ಲೆಕ್ಕಗಳಿವೆ.

ಮಂಗಳನಲ್ಲಿ 2008ರಲ್ಲಿ ಇಳಿದ ಫೀನಿಕ್ಸ್ ನೌಕೆಯ ಜ್ವಾಲೆ ಮೇಲ್ಮಣ್ಣನ್ನು ಗುಡಿಸಿ ಹಾಕಿ ಅಡಿಯಲ್ಲಿದ್ದ ಮಂಜುಗಡ್ಡೆಯನ್ನು ತೆರೆದು ತೋರಿಸಿತು. ಜ್ವಾಲೆ ಪ್ರತಿ ಬಾರಿಯೂ ತನ್ನ ಕುರುಹು ಬಿಟ್ಟುಹೋಗುತ್ತದೆ. ಮಾದರಿಯನ್ನು ಆ ಕುರುಹಿನ ಎದುರು ನಿಲ್ಲಿಸಿ ಪರೀಕ್ಷಿಸಬಹುದು.

ಮೂವತ್ತು ಮೀಟರಿನ ಒಂದು ಚೌಕ

ಈಗ ನಗರಕ್ಕೆ ಬರೋಣ. 1972ರ ಜುಲೈ 23ರಂದು, ಭೂಮಿಯ ಚಿತ್ರ ತೆಗೆಯುವ ಅಮೆರಿಕದ ಉಪಗ್ರಹ ಸರಣಿಯ ಮೊದಲ ಲ್ಯಾಂಡ್‌ಸ್ಯಾಟ್ ಹಾರಿತು. ಅದರ ಚಿತ್ರದ ಒಂದು ಪಿಕ್ಸೆಲ್ ನೆಲದ ಮೇಲೆ ಸುಮಾರು 80 ಮೀಟರ್ ಅಗಲದ ಚೌಕ. 1980ರ ದಶಕದಿಂದ ಲ್ಯಾಂಡ್‌ಸ್ಯಾಟ್ ಚೌಕ 30 ಮೀಟರಿಗೆ ಇಳಿಯಿತು. 1988ರಲ್ಲಿ ಹಾರಿದ ಭಾರತದ ಐಆರ್‌ಎಸ್-1ಎ 36 ಮತ್ತು 72 ಮೀಟರ್ ಚೌಕಗಳ ಚಿತ್ರ ಕೊಟ್ಟಿತು. 2015ರಿಂದ ಯುರೋಪಿನ ಸೆಂಟಿನೆಲ್-2 ಸರಣಿ 10 ಮೀಟರ್ ಚಿತ್ರಗಳನ್ನು ಎಲ್ಲರಿಗೂ ಉಚಿತವಾಗಿ ಕೊಡುತ್ತಿದೆ. 2008ರಲ್ಲಿ ಲ್ಯಾಂಡ್‌ಸ್ಯಾಟ್ ಸಂಗ್ರಹವನ್ನು ಉಚಿತಗೊಳಿಸಿದ್ದು ಈ ಕ್ಷೇತ್ರದ ಅತಿ ದೊಡ್ಡ ತಿರುವು ಎಂದು ನಾನು ಭಾವಿಸುತ್ತೇನೆ. ಅದಕ್ಕೆ ಮೊದಲು ಒಂದು ನಗರದ ಎರಡು ಚಿತ್ರ ಹೊಂದಿಸುವುದೇ ದೊಡ್ಡ ಖರ್ಚಿನ ಮಾತಾಗಿತ್ತು. ಈಗ ಯಾವ ವಿದ್ಯಾರ್ಥಿಯೂ ನಾಲ್ಕು ದಶಕಗಳ ಚಿತ್ರಸಾಲನ್ನು ಒಂದು ಸಂಜೆಯಲ್ಲಿ ಜೋಡಿಸಬಹುದು.

ನಗರದ ಹೊರಅಂಚಿನಲ್ಲಿರುವ 30 ಮೀಟರಿನ ಒಂದು ಚೌಕವನ್ನು ಹತ್ತಿರದಿಂದ ನೋಡಿ. 900 ಚದರ ಮೀಟರ್. ಒಂದು ಮೂಲೆಯಲ್ಲಿ ತಗಡಿನ ಛಾವಣಿಯ ಅರ್ಧ ಭಾಗ, ಪಕ್ಕದಲ್ಲಿ ಡಾಂಬರು ರಸ್ತೆಯ ಒಂದು ಪಟ್ಟಿ, ಎರಡು ಮರಗಳು, ಉಳಿದದ್ದೆಲ್ಲ ಕಟಾವಾಗಿ ಒಣಗಿದ ಹೊಲ. ಉಪಗ್ರಹಕ್ಕೆ ಇವು ಬಿಡಿಬಿಡಿಯಾಗಿ ಕಾಣುವುದಿಲ್ಲ. ಎಲ್ಲದರಿಂದ ಚಿಮ್ಮಿದ ಬೆಳಕು ಕಲೆತು ಪ್ರತಿ ತರಂಗಪಟ್ಟಿಗೆ ಒಂದೊಂದು ಸಂಖ್ಯೆಯಾಗಿ ಬರುತ್ತದೆ. ಅದನ್ನು ನೋಡಿ ನಕ್ಷೆ ಒಂದೇ ಪದದಲ್ಲಿ ಉತ್ತರಿಸಬೇಕು: ನಗರ ಅಥವಾ ನಗರವಲ್ಲ.

ಉತ್ತರಿಸುವ ಸರಳ ವಿಧಾನವೊಂದನ್ನು 2003ರಲ್ಲಿ ಚೀನಾದ ನಾನ್‌ಜಿಂಗ್ ನಗರದ ಅಧ್ಯಯನದಲ್ಲಿ ಮುಂದಿಡಲಾಯಿತು. ಹಸಿರೆಲೆ, ಕೆಂಪಿಗೆ ಸಮೀಪದ, ಕಣ್ಣಿಗೆ ಕಾಣದ ಅವಕೆಂಪು (ಇನ್‌ಫ್ರಾರೆಡ್) ಬೆಳಕನ್ನು ಜೋರಾಗಿ ಚಿಮ್ಮಿಸುತ್ತದೆ. ಸಿಮೆಂಟು, ಹೆಂಚುಗಳು ಅದಕ್ಕಿಂತ ಉದ್ದದ ಅಲೆಯ ಅವಕೆಂಪನ್ನು ಹೆಚ್ಚು ಚಿಮ್ಮಿಸುತ್ತವೆ. ಎರಡರ ವ್ಯತ್ಯಾಸವನ್ನು ಎರಡರ ಮೊತ್ತದಿಂದ ಭಾಗಿಸಿದರೆ ಕಟ್ಟಡ ಸೂಚ್ಯಂಕ ಸಿಗುತ್ತದೆ. ಒಂದು ಉದಾಹರಣೆ. ಛಾವಣಿಯೊಂದು ಉದ್ದದ ಅಲೆಯ ಅವಕೆಂಪಿನಲ್ಲಿ 0.30, ಸಮೀಪದ ಅವಕೆಂಪಿನಲ್ಲಿ 0.24 ಬೆಳಕು ಚಿಮ್ಮಿಸಿತು ಎನ್ನೋಣ. ಸೂಚ್ಯಂಕ 0.11. ಒಣ ಹೊಲವೊಂದು 0.35 ಮತ್ತು 0.28 ಚಿಮ್ಮಿಸಿತು ಎನ್ನೋಣ. ಅದಕ್ಕೂ 0.11. ಸೂಚ್ಯಂಕದ ಕಣ್ಣಿಗೆ ಮನೆಯೂ ಬರಿಹೊಲವೂ ಒಂದೇ. ಹಾಗಾಗಿ ಮಳೆ ಮುಗಿದ ಹಸಿರಿನ ಕಾಲದ ಹಳೆಯ ಚಿತ್ರವನ್ನು ಬೇಸಿಗೆಯ ಹೊಸ ಚಿತ್ರದೊಂದಿಗೆ ಹೋಲಿಸಿದವರಿಗೆ, ಒಂದು ಇಟ್ಟಿಗೆಯೂ ಇಡದ ಕಡೆ ನಗರ ಹಬ್ಬಿದಂತೆ ಕಾಣುತ್ತದೆ. ಹೋಲಿಸುವ ಎರಡು ಚಿತ್ರಗಳು ಒಂದೇ ಋತುವಿನವಾಗಿರಬೇಕು ಎಂಬುದು ಈ ಕೆಲಸದ ಮೊದಲ ಪಾಠ. ಬಣ್ಣಬಣ್ಣದ ನಕ್ಷೆಗಳ ಅಡಿಯಲ್ಲಿ ಚಿತ್ರದ ತಿಂಗಳನ್ನು ಹುಡುಕಿ ನೋಡಿ, ಎಷ್ಟೋ ಕಡೆ ಅದು ಇರುವುದೇ ಇಲ್ಲ.

ಚೌಕದ ಅಳತೆ ಬದಲಾದರೂ ಇದೇ ಅಪಾಯ. 1975ರ 80 ಮೀಟರ್ ಚಿತ್ರದಲ್ಲಿ ಹತ್ತು ಮನೆಗಳ ಗುಂಪೊಂದು ಸುತ್ತಲಿನ ಹಸಿರಿನಲ್ಲಿ ಕರಗಿಹೋಗಿರುತ್ತದೆ. 2020ರ 10 ಮೀಟರ್ ಚಿತ್ರದಲ್ಲಿ ಅದೇ ಹತ್ತು ಮನೆಗಳು ಸ್ಪಷ್ಟ. ಕಣ್ಣು ಚುರುಕಾದದ್ದನ್ನು ಊರು ಬೆಳೆದದ್ದೆಂದು ಎಣಿಸಿದಂತಾಗುತ್ತದೆ.

ಶೇ 98ರ ಮೋಸ

ನಕ್ಷೆಯ ಜೊತೆ ಸಾಮಾನ್ಯವಾಗಿ ಒಂದು ನಿಖರತೆಯ ಅಂಕಿ ಬರುತ್ತದೆ. ಶೇ 98 ಎಂದು ಓದಿದರೆ ಯಾರಿಗಾದರೂ ನೆಮ್ಮದಿ. ಆದರೆ ಲೆಕ್ಕ ಹಾಕಿ ನೋಡಿ. 10,000 ಚದರ ಕಿಲೋಮೀಟರ್ ಪ್ರದೇಶದಲ್ಲಿ ನಿಜವಾದ ನಗರ 200 ಚದರ ಕಿಲೋಮೀಟರ್ ಎನ್ನೋಣ. ನಕ್ಷೆ ನಗರವನ್ನೂ ನಗರವಲ್ಲದ್ದನ್ನೂ ನೂರಕ್ಕೆ 98 ಬಾರಿ ಸರಿಯಾಗಿ ಗುರುತಿಸುತ್ತದೆ. ನಗರದಲ್ಲಿ ಅದು ತಪ್ಪಿಸಿಕೊಳ್ಳುವುದು 4 ಚದರ ಕಿಲೋಮೀಟರ್. ಉಳಿದ 9,800ರಲ್ಲಿ ಶೇ 2ರಷ್ಟನ್ನು, ಎಂದರೆ 196 ಚದರ ಕಿಲೋಮೀಟರನ್ನು, ಅದು ತಪ್ಪಾಗಿ ನಗರವೆಂದು ಬಣ್ಣಿಸುತ್ತದೆ. ನಕ್ಷೆಯ ಪ್ರಕಾರ ನಗರದ ವಿಸ್ತೀರ್ಣ 392. ನಿಜದ ಸುಮಾರು ಎರಡು ಪಟ್ಟು. ಶೇ 98 ಎಂಬ ಅಂಕಿಯಲ್ಲಿ ಸುಳ್ಳಿಲ್ಲ, ಆದರೂ ವಿಸ್ತೀರ್ಣ ಪೂರಾ ತಪ್ಪು. ನಗರ ಅಪರೂಪದ ವಸ್ತು, ಅದರ ಸುತ್ತಲಿನ ನೆಲ ಅಪಾರ. ಅಪಾರದಲ್ಲಿ ನಡೆದ ಸಣ್ಣ ತಪ್ಪು ಅಪರೂಪವನ್ನು ನುಂಗಿಬಿಡುತ್ತದೆ.

ಎರಡು ನಕ್ಷೆಗಳನ್ನು ಹೋಲಿಸಿದಾಗ ತೊಂದರೆ ಇನ್ನೂ ಹೆಚ್ಚುತ್ತದೆ. ಒಂದೊಂದೂ ಶೇ 90 ಸರಿಯಿದ್ದು ಅವುಗಳ ತಪ್ಪುಗಳಿಗೆ ಪರಸ್ಪರ ಸಂಬಂಧವಿಲ್ಲದಿದ್ದರೆ, ಎರಡರಲ್ಲೂ ಸರಿಯಾಗಿರುವ ಚೌಕಗಳು ಶೇ 81 ಮಾತ್ರ. ಹತ್ತು ವರ್ಷಗಳಲ್ಲಿ ನಿಜವಾಗಿ ಬದಲಾದ ನೆಲ ಶೇ 5 ಇದ್ದರೆ, ಆ ಶೇ 5ನ್ನು ಶೇ 19ರ ಗೊಂದಲದೊಳಗಿಂದ ಹೆಕ್ಕಬೇಕು. ಪರಿಹಾರ ಇದೆ, ಅದು ಹಳೆಯದೇ. ನಕ್ಷೆಯ ಪಿಕ್ಸೆಲ್‌ಗಳನ್ನು ಎಣಿಸಿ ವಿಸ್ತೀರ್ಣ ಹೇಳಬಾರದು. ಯಾದೃಚ್ಛಿಕವಾಗಿ ಆಯ್ದ ಕೆಲವು ನೂರು ತಾಣಗಳನ್ನು ನೆಲದ ಮೇಲೆ ಅಥವಾ ಹೆಚ್ಚು ಸೂಕ್ಷ್ಮವಾದ ಚಿತ್ರದಲ್ಲಿ ಪರಿಶೀಲಿಸಬೇಕು. ಅಲ್ಲಿ ಕಂಡ ತಪ್ಪಿನ ಪ್ರಮಾಣದಿಂದ ವಿಸ್ತೀರ್ಣವನ್ನು ತಿದ್ದಿ, ಜೊತೆಗೆ ಇಷ್ಟು ಹೆಚ್ಚು ಅಥವಾ ಕಡಿಮೆ ಇರಬಹುದೆಂಬ ಅಂತರವನ್ನೂ ಹೇಳಬೇಕು.

ಈ ಶಿಸ್ತು ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಜಗತ್ತಿನ ಒಟ್ಟು ನಗರ ಭೂಮಿಯ ಲೆಕ್ಕವೇ ಸಾಕ್ಷಿ. ಇಪ್ಪತ್ತೊಂದನೇ ಶತಮಾನದ ಮೊದಲ ದಶಕದಲ್ಲಿ ಲಭ್ಯವಿದ್ದ ಜಾಗತಿಕ ನಕ್ಷೆಗಳನ್ನು ಸಂಶೋಧಕರು ಪಕ್ಕಪಕ್ಕ ಇಟ್ಟಾಗ, ಒಂದು ನಕ್ಷೆ ಸುಮಾರು 3 ಲಕ್ಷ ಚದರ ಕಿಲೋಮೀಟರ್ ಎಂದರೆ ಇನ್ನೊಂದು 35 ಲಕ್ಷ ಎನ್ನುತ್ತಿತ್ತು. ಹತ್ತು ಪಟ್ಟಿಗೂ ಮೀರಿದ ಅಂತರ. ಎಲ್ಲರೂ ತಪ್ಪು ಮಾಡಿದ್ದರೆಂದಲ್ಲ. ಒಬ್ಬರು ಕಟ್ಟಡ ಮತ್ತು ರಸ್ತೆಯನ್ನಷ್ಟೇ ಎಣಿಸಿದ್ದರು. ಇನ್ನೊಬ್ಬರು ಆಡಳಿತದ ಗಡಿ, ರಾತ್ರಿಯ ದೀಪ, ಜನಸಂಖ್ಯೆ ಸೇರಿಸಿ ಉದ್ಯಾನ, ಕೆರೆ, ಖಾಲಿ ಜಾಗವೆಲ್ಲವನ್ನೂ ನಗರದೊಳಕ್ಕೆ ತಂದಿದ್ದರು. ಪದ ಒಂದೇ, ಎಳೆದ ಗೆರೆ ಬೇರೆ ಬೇರೆ.

ದೇಶಗಳ ವ್ಯಾಖ್ಯಾನಗಳೂ ಹಾಗೆಯೇ. ಡೆನ್ಮಾರ್ಕಿನಲ್ಲಿ 200 ಜನರ ನೆಲೆಯೂ ನಗರ, ಜಪಾನಿನಲ್ಲಿ 50,000 ಬೇಕು. ಈ ಗೊಂದಲ ಕಳೆಯಲು 2020ರ ಮಾರ್ಚಿನಲ್ಲಿ ವಿಶ್ವಸಂಸ್ಥೆಯ ಅಂಕಿಅಂಶ ಆಯೋಗ ಒಂದು ಸಾಮಾನ್ಯ ಅಳತೆಗೋಲನ್ನು ಒಪ್ಪಿತು. ಭೂಮಿಯನ್ನು ಒಂದು ಕಿಲೋಮೀಟರ್ ಚೌಕಗಳಾಗಿ ಭಾಗಿಸಿ, ಚೌಕಕ್ಕೆ ಕನಿಷ್ಠ 1,500 ಜನರಿರುವ ಒತ್ತೊತ್ತಿನ ಚೌಕಗಳು ಸೇರಿ 50,000 ಜನ ದಾಟಿದರೆ ಅದು ನಗರ ಕೇಂದ್ರ. ಚೌಕಕ್ಕೆ 300, ಒಟ್ಟು 5,000 ದಾಟಿದರೆ ಪಟ್ಟಣ ಮಟ್ಟದ ಗುಚ್ಛ. ಈ ಗೆರೆಯೂ ಮನುಷ್ಯರೇ ಎಳೆದದ್ದು. ಆದರೆ ಎಲ್ಲರಿಗೂ ಒಂದೇ, ಎಲ್ಲಿ ಎಳೆದಿದ್ದಾರೆಂಬುದೂ ಎಲ್ಲರಿಗೂ ಗೊತ್ತು. ನನಗೆ ಅಷ್ಟೇ ಸಾಕು. ಚೌಕದೊಳಗಿನ ಜನರನ್ನು ಉಪಗ್ರಹ ಎಣಿಸುವುದಿಲ್ಲ ಎಂಬುದನ್ನು ಮಾತ್ರ ನೆನಪಿಡಬೇಕು. ಜನಗಣತಿಯ ಅಂಕಿಯನ್ನು ಉಪಗ್ರಹ ಕಂಡ ಕಟ್ಟಡಗಳ ಮೇಲೆ ಹಂಚಿ ಆ ಸಂಖ್ಯೆ ತರುತ್ತಾರೆ. ಗಣತಿ ಹಳೆಯದಾದಷ್ಟೂ ಅದರ ಮೇಲೆ ನಿಂತ ಚೌಕ ಹುಸಿಯಾಗುತ್ತದೆ.

ರಾತ್ರಿಯ ದೀಪಗಳ ಕಥೆ ಚಿಕ್ಕದು, ಆದರೆ ಎಚ್ಚರಿಕೆಯದು. 1992ರಿಂದ 2013ರವರೆಗಿನ ಹಳೆಯ ರಾತ್ರಿಚಿತ್ರಗಳಲ್ಲಿ ನಗರದ ನಡುಭಾಗ ಸಂವೇದಕದ ಮಿತಿ ಮೀರಿ ಒಂದೇ ಬಿಳುಪಾಗಿ ಕಾಣುತ್ತಿತ್ತು, ಬೆಳಕು ಅಂಚಿನಾಚೆಗೂ ಚೆಲ್ಲಿ ಊರು ನಿಜಕ್ಕಿಂತ ದೊಡ್ಡದೆನಿಸುತ್ತಿತ್ತು. 2011ರಲ್ಲಿ ಹಾರಿದ ಸುವೋಮಿ ಉಪಗ್ರಹದ ಹೊಸ ಸಂವೇದಕ ಆ ಎರಡು ದೋಷಗಳನ್ನು ಬಹುಮಟ್ಟಿಗೆ ನಿವಾರಿಸಿತು. ಆದರೆ ಅದಕ್ಕೆ ನೀಲಿ ಬೆಳಕು ಕಾಣುವುದಿಲ್ಲ. ಬೀದಿದೀಪಗಳನ್ನು ಹಳದಿ ಸೋಡಿಯಂನಿಂದ ಬಿಳಿ ಎಲ್‌ಇಡಿಗೆ ಬದಲಿಸಿದ ನಗರ, ನೆಲದ ಮೇಲೆ ನಿಂತವರಿಗೆ ಪ್ರಕಾಶಮಾನವಾಗಿದ್ದರೂ ಉಪಗ್ರಹಕ್ಕೆ ಮಂಕಾದಂತೆ ತೋರಬಹುದು. ದೀಪ ಕಡಿಮೆಯಾದರೆ ಆರ್ಥಿಕತೆ ಕುಗ್ಗಿತೆಂದು ಓದುವವರಿದ್ದಾರೆ. ಬಲ್ಬು ಬದಲಾಗಿದ್ದೂ ಕಾರಣವಿರಬಹುದು.

ರೇಡಾರ್ ಇನ್ನೊಂದು ಕಣ್ಣು. ಅದಕ್ಕೆ ಮೋಡವೂ ಕತ್ತಲೆಯೂ ಅಡ್ಡಿಯಲ್ಲ. ನೆಲಕ್ಕೂ ಗೋಡೆಗೂ ಎರಡು ಬಾರಿ ಬಡಿದು ಹಿಂದಿರುಗುವ ಅಲೆ ಕಟ್ಟಡಗಳನ್ನು ಹೊಳೆಯುವಂತೆ ಮಾಡುತ್ತದೆ, ಒಣ ಹೊಲ ಹಾಗೆ ಹೊಳೆಯುವುದಿಲ್ಲ. ಇಲ್ಲೂ ಒಂದು ತೊಡಕು: ಬೀದಿಗಳು ರೇಡಾರ್ ನೋಟಕ್ಕೆ ಓರೆಯಾಗಿದ್ದರೆ ಅಲೆ ಬೇರೆಡೆಗೆ ಚಿಮ್ಮಿ ಅದೇ ಸಾಂದ್ರತೆಯ ಬಡಾವಣೆ ಮಸುಕಾಗಿ ಕಾಣುತ್ತದೆ. 2025ರ ಜುಲೈ 30ರಂದು ಹಾರಿದ ನಾಸಾ ಮತ್ತು ಇಸ್ರೊ ಜಂಟಿ ಉಪಗ್ರಹ ನಿಸಾರ್ ಎರಡು ತರಂಗಾಂತರಗಳಲ್ಲಿ 12 ದಿನಗಳಿಗೊಮ್ಮೆ ಅದೇ ನೆಲವನ್ನು ಮತ್ತೆ ನೋಡುವಂತೆ ರೂಪುಗೊಂಡಿದೆ. ಸೂಚ್ಯಂಕ ಸೋಲುವಲ್ಲಿ ಇಂಥ ಎರಡನೆಯ ಸಾಕ್ಷಿಯೇ ಕೈಹಿಡಿಯುತ್ತದೆ.

ಪಕ್ಕದ ಚೌಕವನ್ನು ಕೇಳುವ ಚೌಕ

ನಾಳೆ ನಗರ ಎತ್ತ ಹಬ್ಬುತ್ತದೆ ಎಂದು ಊಹಿಸುವ ಮಾದರಿಗಳಲ್ಲಿ ಬೆಂಕಿಗೂ ಊರಿಗೂ ಇರುವ ಸಾಮ್ಯ ಎದ್ದುಕಾಣುತ್ತದೆ. ಜ್ವಾಲೆಯ ಮಾದರಿಯಲ್ಲಿ ಪ್ರತಿ ಚೌಕವೂ ನೆರೆಯ ಚೌಕದಿಂದ ಎಷ್ಟು ಅನಿಲ, ಎಷ್ಟು ಶಾಖ ಬಂತೆಂದು ಕೇಳಿಕೊಂಡು ತನ್ನ ಸ್ಥಿತಿ ಬದಲಿಸುತ್ತದೆ. 1990ರ ದಶಕದಲ್ಲಿ ಭೂಗೋಳತಜ್ಞ ಕೀತ್ ಕ್ಲಾರ್ಕ್ ಮತ್ತು ಸಂಗಡಿಗರು ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶಕ್ಕಾಗಿ ರೂಪಿಸಿದ ಮಾದರಿಯಲ್ಲೂ ಚೌಕ ತನ್ನ ನೆರೆಯವರನ್ನು ಕೇಳುತ್ತದೆ: ನಿಮ್ಮಲ್ಲಿ ಎಷ್ಟು ಮಂದಿ ಈಗಾಗಲೇ ನಗರವಾಗಿದ್ದೀರಿ, ಇಳಿಜಾರು ಎಷ್ಟು, ರಸ್ತೆ ಎಷ್ಟು ದೂರ, ಇಲ್ಲಿ ಕಟ್ಟಲು ಅನುಮತಿ ಇದೆಯೇ? ಉತ್ತರಕ್ಕೆ ತಕ್ಕಂತೆ ತಾನೂ ನಗರವಾಗುತ್ತದೆ ಅಥವಾ ಹಾಗೆಯೇ ಉಳಿಯುತ್ತದೆ.

ಸಾಮ್ಯ ಅಲ್ಲಿಗೇ ನಿಲ್ಲಬೇಕು. ಅನಿಲದ ಚೌಕ ಪಾಲಿಸುವುದು ದ್ರವ್ಯರಾಶಿ, ಆವೇಗ, ಶಕ್ತಿಗಳು ಎಂದೂ ನಾಶವಾಗವೆಂಬ ನಿಯಮವನ್ನು. ನಗರದ ಚೌಕಕ್ಕೆ ಅಂಥ ನಿಯಮವಿಲ್ಲ. ಕಳೆದ ಮೂವತ್ತು ವರ್ಷಗಳ ಬೆಳವಣಿಗೆಗೆ ಹೊಂದುವಂತೆ ಅದರ ಗುಣಾಂಕಗಳನ್ನು ತಿರುಚಿರುತ್ತಾರೆ. ನಾಳೆ ಒಂದು ವಿಮಾನ ನಿಲ್ದಾಣ ಬಂದರೆ, ಒಂದು ಕಾನೂನು ಬದಲಾದರೆ, ಆ ಮೂವತ್ತು ವರ್ಷಗಳು ದಾರಿ ತೋರುವುದಿಲ್ಲ. ಚೀನಾದ ಶೆನ್‌ಜೆನ್ 1980ರಲ್ಲಿ ವಿಶೇಷ ಆರ್ಥಿಕ ವಲಯವಾಗದಿದ್ದರೆ ಏನಾಗುತ್ತಿತ್ತೆಂದು ಯಾವ ಚೌಕವೂ ಹೇಳಲಾರದು. ಕೆಲವು ಲಕ್ಷ ಜನರಿದ್ದ ಆ ಪ್ರದೇಶದಲ್ಲಿ 2020ರ ಗಣತಿ ಎಣಿಸಿದ್ದು ಒಂದೂ ಮುಕ್ಕಾಲು ಕೋಟಿ. 2050ರ ನಗರನಕ್ಷೆಗಳನ್ನು ಭವಿಷ್ಯವಾಣಿಯಂತೆ ಗೋಡೆಗೆ ತೂಗುಹಾಕುವುದು ಇದೇ ಕಾರಣಕ್ಕೆ ನನಗೆ ಸರಿಕಾಣುವುದಿಲ್ಲ. ಇಂಥ ರಸ್ತೆ ಹಾಕಿದರೆ ಹೀಗೆ, ಹಾಕದಿದ್ದರೆ ಹಾಗೆ ಎಂದು ಎರಡು ನಕ್ಷೆ ಪಕ್ಕಪಕ್ಕ ತೋರಿಸಿದರೆ ಅದೇ ಮಾದರಿ ನಿಜವಾಗಿ ಕೆಲಸಕ್ಕೆ ಬರುತ್ತದೆ.

ಈ ಎರಡು ವಿಷಯಗಳನ್ನು ಕಟ್ಟುವ ಇನ್ನೊಂದು ಎಳೆ ಇದೆ. ನಗರವನ್ನು ನೋಡುವ ಕಣ್ಣು ಮೇಲೇರುವುದೇ ಜ್ವಾಲೆಯ ಮೇಲೆ. 2024ರಲ್ಲಿ ಕಕ್ಷೆಗೇರಲು ನಡೆದ ಉಡಾವಣಾ ಪ್ರಯತ್ನಗಳು 250 ದಾಟಿದವು. ಹತ್ತು ವರ್ಷ ಹಿಂದೆ ಅವು ನೂರರೊಳಗಿದ್ದವು. ಸೀಮೆಎಣ್ಣೆ ಜಾತಿಯ ಇಂಧನ ಉರಿಸುವ ಎಂಜಿನ್‌ಗಳು ಮಸಿಯನ್ನು ನೇರವಾಗಿ ಸ್ತರಗೋಳದಲ್ಲಿ ಬಿಡುತ್ತವೆ. ಅಲ್ಲಿ ಅದನ್ನು ತೊಳೆಯಲು ಮಳೆಯಿಲ್ಲ, ವರ್ಷಗಟ್ಟಲೆ ತೇಲುತ್ತದೆ. 2022ರಲ್ಲಿ ಪ್ರಕಟವಾದ ಒಂದು ಲೆಕ್ಕದ ಪ್ರಕಾರ ತೂಕಕ್ಕೆ ತೂಕ ಹೋಲಿಸಿದರೆ ರಾಕೆಟ್ ಮಸಿ ಇತರ ಮೂಲಗಳ ಮಸಿಗಿಂತ ಸುಮಾರು 500 ಪಟ್ಟು ಹೆಚ್ಚು ಬಿಸಿಯೇರಿಸುತ್ತದೆ. ಅದೇ ವರ್ಷದ ಇನ್ನೊಂದು ಅಧ್ಯಯನದಂತೆ ವರ್ಷಕ್ಕೆ 10,000 ಟನ್ ಮಸಿ ಸೇರತೊಡಗಿದರೆ ಸ್ತರಗೋಳದ ಕೆಲವು ಭಾಗಗಳ ಉಷ್ಣತೆ 0.5ರಿಂದ 2 ಡಿಗ್ರಿ ಏರಬಹುದು. ಈ ಲೆಕ್ಕಗಳೆಲ್ಲ ಒಂದು ಸಂಖ್ಯೆಯ ಮೇಲೆ ನಿಂತಿವೆ: ಒಂದು ಕಿಲೋ ಇಂಧನ ಉರಿದಾಗ ಎಷ್ಟು ಗ್ರಾಂ ಮಸಿ? ನಾಜಲ್‌ನಿಂದ ಬಂದ ಮಸಿಯ ಒಂದಷ್ಟು ಭಾಗ ಹೊರಗಿನ ಗಾಳಿಯಲ್ಲಿ ಮತ್ತೆ ಉರಿದುಹೋಗುತ್ತದೆ, ಎತ್ತರ ಹೆಚ್ಚಿದಂತೆ ಆ ಭಾಗ ಕಡಿಮೆಯಾಗುತ್ತದೆ. ಕಾಗದದ ಮೇಲೆ ಕುಳಿತು ಇದನ್ನು ತೀರ್ಮಾನಿಸಲು ಸಾಧ್ಯವಿಲ್ಲ. 1990ರ ದಶಕದಲ್ಲಿ ಡಬ್ಲ್ಯುಬಿ-57 ಎಂಬ ಎತ್ತರದಲ್ಲಿ ಹಾರುವ ವಿಮಾನಗಳು ಟೈಟಾನ್, ಡೆಲ್ಟಾ ರಾಕೆಟ್‌ಗಳು ಬಿಟ್ಟುಹೋದ ಜಾಡಿನೊಳಗೆ ನುಗ್ಗಿ ಗಾಳಿಯನ್ನು ಅಳೆದವು. ಉಡಾವಣೆಗಳು ಇಷ್ಟು ಹೆಚ್ಚಿರುವ ಈ ಹೊತ್ತಿನಲ್ಲಿ ಅಂಥ ಹಾರಾಟಗಳು ಇನ್ನಷ್ಟು ಬೇಕು.

ಜಾಡಿನೊಳಗೆ ವಿಮಾನ ನುಗ್ಗುವುದಕ್ಕೆ ಸಮನಾದ ಕೆಲಸ ನಗರದ ವಿಷಯದಲ್ಲೂ ಇದೆ, ಖರ್ಚು ಮಾತ್ರ ಅದರ ಎದುರು ಏನೂ ಅಲ್ಲ. ನಕ್ಷೆ ನಗರವೆಂದು ಬಣ್ಣಿಸಿದ ಆ 30 ಮೀಟರ್ ಚೌಕಕ್ಕೆ ಒಬ್ಬರು ಜಿಪಿಎಸ್ ಹಿಡಿದು ಹೋಗುತ್ತಾರೆ. ತಗಡಿನ ಛಾವಣಿ ಅಲ್ಲಿದೆ, ಅದರಡಿ ನೀರೆತ್ತುವ ಪಂಪು. ರಸ್ತೆ ಇದೆ, ಮರಗಳೂ ಇವೆ. ಹೊಲದಲ್ಲಿ ಕೊಯ್ದ ಪೈರಿನ ಕೂಳೆ ಇನ್ನೂ ನಿಂತಿದೆ, ಅಂಚಿನಲ್ಲಿ ನಿವೇಶನದ ಗುರುತುಕಲ್ಲು ಒಂದೂ ಇಲ್ಲ. ಅವರು ನಾಲ್ಕು ದಿಕ್ಕಿಗೂ ಒಂದೊಂದು ಚಿತ್ರ ತೆಗೆದು, ದಿನಾಂಕ ಬರೆದು, ಹಾಳೆಯ ಮೇಲೆ ನಗರ ಎಂಬ ಪದದ ಎದುರು ತಪ್ಪು ಎಂದು ಗುರುತು ಹಾಕಿ ಮುಂದಿನ ಚೌಕದ ಕಡೆಗೆ ನಡೆಯುತ್ತಾರೆ.